ಕೂದಲೆಳೆ ಮೇಸ್ತ್ರಿಯ ಗೆರೆ

ಕೂದಲೆಳೆ ಮೇಸ್ತ್ರಿ ಎಂಬ ಅಡ್ಡಹೆಸರು ಅವನಿಗೆ ಅಂಟಿಕೊಂಡದ್ದು ಅವನ ಬಾಯಿಂದಲೇ. ಮಂಡಿ ಬದಲಾಯಿಸುವ ಆಪರೇಷನ್ನಿನಲ್ಲಿ ಕೂರಿಸುವ ಲೋಹದ ಭಾಗಗಳು ಮೂಳೆಯೊಳಗೆ ಗಟ್ಟಿಯಾಗಿ ನಿಲ್ಲುತ್ತವೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಅವನದು ಮೂವತ್ತೊಂದು ವರ್ಷದ ನೌಕರಿ. ಹೊಸದಾಗಿ ಬಂದವರು ಯಾರಾದರೂ, ಲೋಹ ಎಷ್ಟು ಅಲ್ಲಾಡಿದರೆ ತಪ್ಪು ಎಂದು ಕೇಳಿದರೆ ಅವನು ಯಂತ್ರದ ಅಂಕಿಗಳನ್ನು ತೋರಿಸುತ್ತಿರಲಿಲ್ಲ. ತಲೆಯಿಂದ ಒಂದು ಕೂದಲು ಕಿತ್ತು ಅವರ ಅಂಗೈ ಮೇಲಿಡುತ್ತಿದ್ದ.

"ನೋಡಿ, ಅರ್ಧ ಕೂದಲೆಳೆಯಷ್ಟು ಅಲ್ಲಾಡಿದ್ರೆ ಮೂಳೆ ಸಹಿಸ್ಕೊಳ್ಳುತ್ತೆ, ಮೆಲ್ಲಗೆ ಬೆಳೆದು ಲೋಹಾನ ತಬ್ಕೊಳ್ಳುತ್ತೆ. ಎರಡು ಕೂದಲೆಳೆ ದಾಟ್ತು ಅನ್ನಿ, ಮೂಳೆ ಮುನಿಸ್ಕೊಳ್ಳುತ್ತೆ. ಆಮೇಲೆ ಯಾರು ಬಂದು ರಾಜಿ ಮಾಡಿಸಿದ್ರೂ ಅವೆರಡೂ ಒಂದಾಗಲ್ಲ."

ಹೀಗೆ ಮೂವತ್ತೊಂದು ವರ್ಷ ಪಾಠ ಹೇಳಿದ ಫಲವೋ ಏನೋ, ಈಗ ಉದಾಹರಣೆಗೆ ಕೊಡಲು ಅವನ ತಲೆಯಲ್ಲಿ ಹೆಚ್ಚು ಕೂದಲು ಉಳಿದಿರಲಿಲ್ಲ.

ಕೆಲಸವೇನೋ ಕೇಳುವುದಕ್ಕೆ ಸರಳ. ಮಂಡಿಯ ಕೆಳಗಿನ ಮೂಳೆಯ ಹಾಗೇ ಮಾಡಿದ ನಕಲಿ ಮೂಳೆಯನ್ನು ಅಳತೆಗೆ ಕತ್ತರಿಸಬೇಕು. ಮೇಲ್ಗಡೆ ಲೋಹದ ಭಾಗವನ್ನು ಕೂರಿಸಬೇಕು. ಕೆಳತುದಿಯನ್ನು ಉಕ್ಕಿನ ಡಬ್ಬಿಯಲ್ಲಿ ನಿಲ್ಲಿಸಿ, ಸುತ್ತಲೂ ಅಂಟುದ್ರವ ಸುರಿದು, ಅದು ಕಲ್ಲಾಗುವವರೆಗೆ ಕಾಯಬೇಕು. ಆಮೇಲೆ ಡಬ್ಬಿಯನ್ನು ಯಂತ್ರಕ್ಕೆ ಬಿಗಿದರೆ, ಮನುಷ್ಯ ನಡೆಯುವಾಗ ಮಂಡಿಯ ಮೇಲೆ ಬೀಳುವಷ್ಟೇ ಭಾರವನ್ನು ಅದು ಹತ್ತು ಸಾವಿರ ಸಲ ಹೇರುತ್ತದೆ. ಲೋಹಕ್ಕೂ ಮೂಳೆಗೂ ನಡುವೆ ಇಟ್ಟ ಸೂಜಿಗಳು ಎಷ್ಟು ಅಲುಗಾಟವೆಂದು ಹೇಳುತ್ತವೆ. ಅಂಟು ಎಲ್ಲಿಯವರೆಗೆ ಸುರಿಯಬೇಕು ಎಂಬುದಕ್ಕೆ ಮೇಸ್ತ್ರಿ ಇಪ್ಪತ್ತು ವರ್ಷದ ಹಿಂದೆಯೇ ಡಬ್ಬಿಯ ಒಳಗೋಡೆಯಲ್ಲಿ ಒಂದು ಗೆರೆ ಕೊರೆದಿದ್ದ. ಅದಕ್ಕೆ ಮೇಸ್ತ್ರಿ ಗೆರೆ ಎಂದೇ ಹೆಸರಾಗಿತ್ತು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕೂಡ, "ಬೇರೆ ಏನನ್ನಾದ್ರೂ ಅನುಮಾನಿಸಿ, ಮೇಸ್ತ್ರಿ ಗೆರೆಯನ್ನ ಮಾತ್ರ ಬೇಡ" ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಮೇಸ್ತ್ರಿ ಏನೂ ಕೇಳಿಸದವನ ಹಾಗೆ ಮುಖ ಮಾಡಿಕೊಂಡು, ಒಳಗೊಳಗೇ ಹಿಗ್ಗುತ್ತಿದ್ದ.

ಇಂಥವನನ್ನು ಮನೆಯಲ್ಲಿ ಇಂದಿಗೂ ಗದರಿಸುವವಳು ಅಕ್ಕ ಒಬ್ಬಳೇ. ತಾಯಿ ತೀರಿಕೊಂಡಾಗ ಅವನಿಗೆ ಏಳು ವರ್ಷ, ಅಕ್ಕನಿಗೆ ಹದಿನೆಂಟು. ಆ ವರ್ಷವೇ ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಕೆಲಸಕ್ಕೆ ಸೇರಿ, ಇಸ್ತ್ರಿ ಮೇಜಿನ ಮುಂದೆ ಮೂವತ್ತೆಂಟು ವರ್ಷ ನಿಂತಳು. ಮದುವೆಯ ಮಾತು ಬಂದಾಗಲೆಲ್ಲ, ಇವನ ಓದು ಮುಗಿಯಲಿ ಎಂದಳು. ಇವನ ಓದು ಮುಗಿಯುವಷ್ಟರಲ್ಲಿ ಕೇಳುವವರೇ ಕೇಳುವುದನ್ನು ಬಿಟ್ಟಿದ್ದರು.

ಶಾಲೆ ಬಿಟ್ಟ ಕೂಡಲೇ ಅವನು ಓಡುತ್ತಿದ್ದದ್ದು ಅಲ್ಲಿಗೇ. ಬೆಡ್‌ಶೀಟ್ ಮಡಿಸುವುದು ನಾಲ್ಕು ಕೈಯ ಕೆಲಸ. ಈ ತುದಿ ಅಕ್ಕ, ಆ ತುದಿ ತಮ್ಮ. ಮಡಿಸುವ ಮುಂಚೆ ಇಬ್ಬರೂ ಒಂದೇ ಸಲಕ್ಕೆ ಜಗ್ಗಿ ಎಳೆಯಬೇಕು, ಆಗಲೇ ಸುಕ್ಕು ಬಿಡುವುದು. ಅವನು ಅಕ್ಕನಿಗೆ ಸುಸ್ತಾದೀತೆಂದು ಮೆಲ್ಲಗೆ ಹಿಡಿದರೆ, "ಹಿಡಿದ ಹಾಗೆ ನಾಟಕ ಆಡ್ಬೇಡ, ನನ್ನ ಕೈಗೆ ಗೊತ್ತಾಗುತ್ತೆ. ಜೋರಾಗಿ ಎಳೆಯೋ, ನಾನೇನು ಬೀಳಲ್ಲ" ಎನ್ನುತ್ತಿದ್ದಳು. ನಿಜಕ್ಕೂ ಅವಳು ಬೀಳುತ್ತಿರಲಿಲ್ಲ. ಅವಳ ಎಳೆತಕ್ಕೆ ಇವನೇ ಬೆಡ್‌ಶೀಟಿನ ಹಿಂದೆ ತೂರಿಕೊಂಡು ಹೋಗಿ ಅವಳ ಹೊಟ್ಟೆಗೆ ಡಿಕ್ಕಿ ಹೊಡೆಯುತ್ತಿದ್ದ. ಅವಳು ನಿಂತಳು, ಇವನು ಓದಿದ, ಅಷ್ಟೇ ಕತೆ. ಇದನ್ನು ಅವನು ಒಂದು ದಿನವೂ ಮರೆತವನಲ್ಲ.

ಅಷ್ಟು ವರ್ಷ ನಿಂತ ಮಂಡಿ ಕೊನೆಗೊಮ್ಮೆ ಸವೆಯಿತು. ಹನ್ನೆರಡು ವರ್ಷದ ಕೆಳಗೆ ಬಲ ಮಂಡಿಯನ್ನು ಬದಲಾಯಿಸಿದರು. ಒಂಬತ್ತು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಎದ್ದು ನಿಂತ ಮೊದಲ ಹೆಜ್ಜೆಗೇ ಚುಳುಕ್ ಎನ್ನತೊಡಗಿತು, ಭಾರ ಬಿಟ್ಟರೆ ಒಳಗೇ ಏನೋ ಜಾರಿದ ಹಾಗಾಗುತ್ತಿತ್ತು. ಎಕ್ಸ್‌ರೇಯಲ್ಲಿ ಲೋಹಕ್ಕೂ ಮೂಳೆಗೂ ನಡುವೆ ಕಪ್ಪು ಅಂಚು ಕಂಡಿತು. ಲೋಹ ಸಡಿಲವಾಗಿತ್ತು, ಅದು ಅಲ್ಲಾಡಿ ಅಲ್ಲಾಡಿ ಕೆಳಗಿನ ಮೂಳೆ ಟೊಳ್ಳಾಗಿತ್ತು. ಅಕ್ಕ ಗೋಡೆ, ಬಾಗಿಲು, ಕುರ್ಚಿ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ನಡೆಯತೊಡಗಿದಳು. ಎರಡೂ ಕೈ ಬೇಕಾದ ಕೆಲಸಗಳು ಒಂದೊಂದೇ ಬಿಟ್ಟುಹೋದವು. ಬೆಡ್‌ಶೀಟ್ ಮಡಿಸುವುದೂ ಬಿಟ್ಟುಹೋಯಿತು. ಈಗ ಅವುಗಳನ್ನು ಮೇಸ್ತ್ರಿಯ ಹೆಂಡತಿ ಒಬ್ಬಳೇ ಮಂಚದ ಮೇಲೆ ಹರವಿ ಮಡಿಸಿದರೆ, ಅಕ್ಕ ಆ ಮಡಿಕೆಗಳನ್ನು ನೋಡಲಾರದೆ ಮುಖ ತಿರುಗಿಸುತ್ತಿದ್ದಳು.

ಎರಡನೇ ಸಲದ ಆಪರೇಷನ್ ಮೊದಲಿನಷ್ಟು ಸಲೀಸಲ್ಲ. ಮೊಳೆ ಕಿತ್ತ ಗೋಡೆಯಲ್ಲಿ ಅದೇ ತೂತಿಗೆ ಮತ್ತೆ ಮೊಳೆ ಹೊಡೆದ ಹಾಗೆ ಅದು. ಅಕ್ಕನ ಡಾಕ್ಟರ ಮುಂದೆ ಎರಡು ದಾರಿಗಳಿದ್ದವು. ಒಂದು, ಉದ್ದನೆಯ ಕಡ್ಡಿ ಇರುವಂಥ ಹೊಸ ಲೋಹವನ್ನು ಹಾಕುವುದು. ಸ್ಟೆಮ್ ಎನ್ನುವ ಆ ಕಡ್ಡಿ ಮೂಳೆಯ ಕೊಳವೆಯೊಳಗೆ ಆಳಕ್ಕಿಳಿದು ಅಲ್ಲಿ ಹಿಡಿತ ಸಾಧಿಸುತ್ತದೆ. ಇನ್ನೊಂದು, ಸ್ಟೆಮ್ಮಿನ ಜೊತೆಗೆ ಮೇಲಿನ ಟೊಳ್ಳಿಗೆ ಸಣ್ಣ ಸಣ್ಣ ರಂಧ್ರಗಳಿರುವ ಲೋಹದ ಕೋನ್ ಕೂರಿಸುವುದು. ಆ ರಂಧ್ರಗಳೊಳಕ್ಕೆ ಮೂಳೆ ಬೆಳೆದು ಹಿಡಿದುಕೊಳ್ಳುತ್ತದೆ. ಎರಡನೆಯದಕ್ಕೆ ಒಂದೂವರೆ ಗಂಟೆ ಹೆಚ್ಚು ಬೇಕು. ಅಕ್ಕನ ಹೃದಯವೋ, ಅಷ್ಟಕ್ಕಷ್ಟೇ. ಅರಿವಳಿಕೆ ಕೊಡುವವರು ಆಪರೇಷನ್ ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೆಯದು ಎಂದಿದ್ದರು.

ಇಂಥ ವಯಸ್ಸಾದ ರೋಗಿಗಳು ಡಾಕ್ಟರ ಬಳಿ ಇನ್ನೂ ಹಲವರಿದ್ದರು. ಹಾಗಾಗಿ ಅವರು ನೇರವಾಗಿ ಪ್ರಯೋಗಾಲಯಕ್ಕೇ ಬಂದು ಮೇಡಂ ಹತ್ತಿರ ಕೇಳಿದರು: ಇಷ್ಟು ಟೊಳ್ಳಿರುವ ಮೂಳೆಯಲ್ಲಿ ಉದ್ದ ಸ್ಟೆಮ್ ಒಂದೇ ಸಾಕಾಗುತ್ತದೆಯೇ? ಮೇಸ್ತ್ರಿ ಐದು ನಕಲಿ ಮೂಳೆಗಳನ್ನು ಟೊಳ್ಳು ಮಾಡಿ, ಉದ್ದ ಸ್ಟೆಮ್ ಕೂರಿಸಿ, ತನ್ನ ಗೆರೆಯವರೆಗೆ ಅಂಟು ಸುರಿದು, ಯಂತ್ರಕ್ಕೆ ಕೊಟ್ಟ. ಐದೂ ಗಟ್ಟಿಯಾಗಿ ನಿಂತವು. ಅಲುಗಾಟ ಅರ್ಧ ಕೂದಲೆಳೆ. ಚಿಕ್ಕ ಆಪರೇಷನ್ನೇ ಸಾಕು ಎಂದಾಯಿತು. ಡಾಕ್ಟರ್ ಮುಂದಿನ ಗುರುವಾರಕ್ಕೆ ದಿನ ಗೊತ್ತು ಮಾಡಿದರು. ಆ ಸಂಜೆ ಮೇಸ್ತ್ರಿ ಮನೆಗೆ ನಡೆದು ಬಂದದ್ದನ್ನು ನೋಡಿದವರು ಅವನಿಗೇ ಹೊಸ ಮಂಡಿ ಹಾಕಿದ್ದಾರೆ ಅಂದುಕೊಳ್ಳಬೇಕಿತ್ತು, ಹಾಗೆ ಬಂದ.

ಸೋಮವಾರ ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ. ಅಕ್ಕ ಎಡಗೈಯನ್ನು ಒಲೆಯ ಕಟ್ಟೆಗೆ ಊರಿ, ಬಲಗೈಯಿಂದ ಮೇಲಿನ ಹಲಗೆಯ ಸಕ್ಕರೆ ಡಬ್ಬ ಇಳಿಸುತ್ತಿದ್ದಳು. ಬೆನ್ನು ನೇರವಾಗಿತ್ತು, ಕಾಲೂ ನೇರವಾಗಿತ್ತು.

"ಏನಕ್ಕಾ, ಇವತ್ತು ಕಂಬದ ಹಾಗೆ ನಿಂತಿದ್ದೀಯಲ್ಲ!"

"ನಿಂತಿರೋದು ನಾನಲ್ಲ ಕಣೋ, ಈ ಕಟ್ಟೆ. ಕೈ ತೆಗೆದ್ರೆ ಗೊತ್ತಾಗುತ್ತೆ ನನ್ನ ಬಂಡವಾಳ" ಎಂದು ಅವಳು ತಮಾಷೆಗೆ ಕೈಯನ್ನು ಮೇಲೆತ್ತಿದಳು. ಮಂಡಿ ಪಕ್ಕಕ್ಕೆ ಸರಕ್ಕನೆ ವಾಲಿತು. ಅವಳು ಮತ್ತೆ ಕಟ್ಟೆ ಹಿಡಿದು ನಕ್ಕಳು.

ಮೇಸ್ತ್ರಿಯೂ ನಕ್ಕ. ನಗು ಅರ್ಧಕ್ಕೇ ನಿಂತುಹೋಯಿತು. ನಿಂತಿರುವುದು ಕಟ್ಟೆ. ಅವನ ಕಣ್ಣ ಮುಂದೆ ಉಕ್ಕಿನ ಡಬ್ಬಿ ಬಂತು, ಅದರೊಳಗಿನ ಗೆರೆ ಬಂತು. ಆ ಗೆರೆ ಕೊರೆದದ್ದು ಗಿಡ್ಡ ಸ್ಟೆಮ್ಮುಗಳ ಕಾಲದಲ್ಲಿ. ಈ ಸಲ ಹಾಕಿದ್ದು ಅದರ ಎರಡರಷ್ಟು ಉದ್ದದ್ದು. ಲೋಟ ಅಲ್ಲೇ ಇಟ್ಟು, ಹೆಂಡತಿ ಕೂಗಿದರೂ ತಿರುಗಿ ನೋಡದೆ ಹೊರಟುಬಿಟ್ಟ.

ಪ್ರಯೋಗಾಲಯದಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಪರೀಕ್ಷೆ ಮುಗಿದ ಒಂದು ಮೂಳೆಯನ್ನು ಅಂಟಿನ ಸಮೇತ ಡಬ್ಬಿಯಿಂದ ಹೊರತೆಗೆದು, ಗರಗಸಕ್ಕೆ ಕೊಟ್ಟು ಉದ್ದಕ್ಕೆ ಸೀಳಿದ. ಎರಡು ಹೋಳಾಗಿ ಬಿದ್ದಿತು. ನೋಡಿದರೆ, ಸ್ಟೆಮ್ಮಿನ ತುದಿ ಅಂಟಿನ ಮಟ್ಟಕ್ಕಿಂತ ಎರಡು ಬೆರಳು ಕೆಳಗಿತ್ತು. ಕಲ್ಲಾದ ಅಂಟು ಮತ್ತು ಅದರ ಹೊರಗಿನ ಉಕ್ಕು ಸೇರಿಕೊಂಡು ಆ ತುದಿಯನ್ನು ಸುತ್ತಲಿಂದ ಬಿಗಿಹಿಡಿದಿದ್ದವು. ಮೂಳೆ ಹಿಡಿದಿರಲೇ ಇಲ್ಲ, ಡಬ್ಬಿ ಹಿಡಿದಿತ್ತು. ಅಕ್ಕನ ಕಾಲಿನೊಳಗೆ ಯಾವ ಡಬ್ಬಿಯೂ ಇರುವುದಿಲ್ಲ. ಮೇಸ್ತ್ರಿ ಹೋಳುಗಳನ್ನು ಮುಂದಿಟ್ಟುಕೊಂಡು ಸ್ಟೂಲಿನ ಮೇಲೆ ಕೂತ.

ಕೂತವನು ಮಧ್ಯಾಹ್ನದವರೆಗೂ ಏಳಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಭಯ ಇತ್ತು, ಸುಳ್ಳೇಕೆ ಹೇಳಲಿ. ಇಪ್ಪತ್ತು ವರ್ಷದ ಗೆರೆ ಅದು. ಆದರೆ ಅವನನ್ನು ಕಟ್ಟಿಹಾಕಿದ್ದು ಮಾನವಲ್ಲ. ಬಾಯಿ ಬಿಟ್ಟರೆ ದೊಡ್ಡ ಆಪರೇಷನ್. ಆ ಒಂದೂವರೆ ಗಂಟೆಯಲ್ಲಿ ಅಕ್ಕನ ಹೃದಯ ಸೋತರೆ? ಬಾಯಿ ಮುಚ್ಚಿಕೊಂಡಿದ್ದರೆ ಅವಳು ಗುರುವಾರ ಬೇಗ ಹೊರಗೆ ಬರುತ್ತಾಳೆ, ಮಂಡಿ ಎರಡೋ ಮೂರೋ ವರ್ಷ ನಡೆಯುತ್ತದೆ, ಆಮೇಲಿನದು ಆಮೇಲೆ. ಯಾರಿಗೂ ಗೊತ್ತಾಗುವುದಿಲ್ಲ.

ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡ ಕೂಡಲೇ ಬೆಡ್‌ಶೀಟಿನ ಆ ತುದಿಯಿಂದ ಬಂದ ಮಾತು ನೆನಪಾಯಿತು. ಹಿಡಿದ ಹಾಗೆ ನಾಟಕ ಆಡಬೇಡ, ನನ್ನ ಕೈಗೆ ಗೊತ್ತಾಗುತ್ತೆ. ಅವಳಿಗಲ್ಲದಿದ್ದರೂ ಅವಳ ಮಂಡಿಗೆ ಗೊತ್ತಾಗಿಯೇ ಆಗುತ್ತಿತ್ತು. ಮೇಸ್ತ್ರಿ ಎದ್ದ. ಎರಡು ಹೋಳುಗಳನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಮೇಡಂ ಕೋಣೆಗೆ ಹೋದ.

"ಮೇಡಂ, ತಪ್ಪಾಗಿದೆ. ನನ್ನ ಗೆರೆಯಿಂದಾನೇ ಆಗಿದೆ."

ಮೇಡಂ ಹೋಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಕೆಂಪಾಯಿತು. ಈ ಪರೀಕ್ಷೆಯ ಬಗ್ಗೆ ಶುಕ್ರವಾರ ವೈದ್ಯಕೀಯ ಪತ್ರಿಕೆಯೊಂದಕ್ಕೆ ಕಳಿಸಬೇಕಿದ್ದ ಅವರ ಲೇಖನ ಫೋಟೋಗಳ ಸಮೇತ ಮೇಜಿನ ಮೇಲೇ ಇತ್ತು, ಅದನ್ನು ತೆಗೆದು ಡ್ರಾಯರಿಗೆ ಹಾಕಿದರು.

"ಈ ಫೋಟೋಗಳನ್ನ ನಾನು ಎಷ್ಟು ಸಲ ನೋಡಿದ್ದೀನಿ ಗೊತ್ತಾ ಮೇಸ್ತ್ರಿ? ನನಗೂ ಕಾಣಲಿಲ್ಲ. ನಿಮ್ಮ ಗೆರೆ ಅಂದ್ಮೇಲೆ ಯಾರೂ ಅಳೆಯೋಕೇ ಹೋಗ್ಲಿಲ್ಲ. ನಾನು ಬೈಬೇಕು ಅಂದ್ರೆ ಮೊದಲು ನನ್ನನ್ನೇ ಬೈಕೋಬೇಕು." ಹಾಗೆಂದು ಫೋನ್ ಎತ್ತಿಕೊಂಡರು. "ಡಾಕ್ಟರಿಗೆ ನಾನು ಹೇಳ್ತೀನಿ. ನೀವು ಹೋಗಿ ಇನ್ನೂ ಉದ್ದದ ಮೂಳೆ ಕತ್ತರಿಸಿ, ಸ್ಟೆಮ್ಮಿನ ತುದಿ ಅಂಟಿನವರೆಗೆ ಇಳೀಬಾರದು."

ಆ ಕ್ಷಣದಲ್ಲಿ ಮೇಸ್ತ್ರಿಗೆ ಮೇಡಂ ಕಾಲಿಗೆ ಬೀಳಬೇಕೆನಿಸಿತು. ಅವನಿಗಿಂತ ಅವರು ಹದಿನೈದು ವರ್ಷ ಚಿಕ್ಕವರು, ಹಾಗಾಗಿ ಬೀಳಲಿಲ್ಲ. ಗರಗಸದ ಕಡೆಗೆ ನಡೆದ.

ಮಂಗಳವಾರ ಮತ್ತು ಬುಧವಾರ ಯಂತ್ರಕ್ಕೆ ಬಿಡುವಿರಲಿಲ್ಲ. ಈ ಸಲ ಮೇಸ್ತ್ರಿ ಪ್ರತಿಯೊಂದನ್ನೂ ಅಳತೆಪಟ್ಟಿ ಹಿಡಿದು ಅಳೆದ, ಸ್ಟೆಮ್ಮಿನ ತುದಿ ಅಂಟಿಗಿಂತ ನಾಲ್ಕು ಬೆರಳು ಮೇಲಿರುವ ಹಾಗೆ ನೋಡಿಕೊಂಡ. ಬರೀ ಸ್ಟೆಮ್ ಇದ್ದವು ಮೂರು ಕೂದಲೆಳೆ ಅಲ್ಲಾಡಿದವು. ಒಂದಂತೂ ಐದು ಸಾವಿರ ಸಲಕ್ಕೇ ಸಡಿಲವಾಗಿ ಒಂದು ಪಕ್ಕಕ್ಕೆ ಕುಸಿಯಿತು. ಕೋನ್ ಜೊತೆಗಿದ್ದವು ಅರ್ಧ ಕೂದಲೆಳೆಯನ್ನೂ ದಾಟಲಿಲ್ಲ.

ಬುಧವಾರ ಸಂಜೆ ಡಾಕ್ಟರ್ ತಮ್ಮ ಕೋಣೆಯಲ್ಲಿ ಅಕ್ಕನನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ಮೇಸ್ತ್ರಿ ಗೋಡೆಗೊರಗಿ ನಿಂತಿದ್ದ.

"ಚಿಕ್ಕದು ಮಾಡಿದ್ರೆ ಎಷ್ಟು ದಿನ ಬಾಳುತ್ತೆ ಡಾಕ್ಟ್ರೇ?"

"ಎರಡು ಮೂರು ವರ್ಷಕ್ಕೆ ಮತ್ತೆ ಸಡಿಲ ಆಗ್ಬಹುದಮ್ಮ. ಮೂರನೇ ಸಲಕ್ಕೆ ಹಿಡ್ಕೊಳ್ಳೋಕೆ ಮೂಳೆ ಉಳಿದಿರಲ್ಲ."

"ದೊಡ್ಡದು ಮಾಡಿದ್ರೆ?"

"ಮೂಳೆ ಬೆಳೆದು ಕೂಡಿಕೊಂಡ್ರೆ ಬಹಳ ವರ್ಷ. ಆದ್ರೆ ನಿಮ್ಮ ಹೃದಯಕ್ಕೆ ಅಪಾಯ ಹೆಚ್ಚು. ಅದನ್ನ ನಾನು ಮುಚ್ಚಿಡಲ್ಲ. ನೀವೇ ಯೋಚ್ನೆ ಮಾಡಿ ಹೇಳಿ."

ಅಕ್ಕ ತಮ್ಮನ ಕಡೆ ತಿರುಗಿದಳು. "ತಪ್ಪು ಮಾಡಿದ್ದು ನೀನೇನೋ?"

"ನಾನೇ ಅಕ್ಕ."

"ಯಾವಾಗ ಗೊತ್ತಾಯ್ತು?"

"ಸೋಮವಾರ ಬೆಳಿಗ್ಗೆ."

"ಯಾವಾಗ ಹೇಳ್ದೆ?"

"ಮಧ್ಯಾಹ್ನ."

"ಅಲ್ಲಿವರೆಗೂ ಏನ್ ಮಾಡ್ತಿದ್ದೆ?"

"ಹೆದರ್ಕೊಂಡು ಕೂತಿದ್ದೆ."

ಅಕ್ಕ ಪಕಪಕನೆ ನಕ್ಕಳು. ಡಾಕ್ಟರ್ ಏನಾಯಿತೆಂದು ತಿಳಿಯದೆ ಇಬ್ಬರನ್ನೂ ನೋಡಿದರು. "ಇವನು ಚಿಕ್ಕಂದಿನಿಂದಲೂ ಹೀಗೇ ಡಾಕ್ಟ್ರೇ. ನನಗೆ ನೋವಾಗುತ್ತೆ ಅಂತ ಎಳೆಯೋದೇ ಇಲ್ಲ. ಕೊನೆಗೆ ಎಳೀತಾನೆ, ಅಷ್ಟು ಸಾಕು" ಎಂದಳು. ಆಮೇಲೆ ಸೆರಗನ್ನು ಮಡಿಲಲ್ಲಿ ಸರಿಮಾಡಿಕೊಂಡು, "ದೊಡ್ಡದೇ ಮಾಡಿ. ಏನನ್ನಾದ್ರೂ ಹಿಡ್ಕೊಂಡೇ ನಿಲ್ಲೋದಾದ್ರೆ ನನಗೆ ಈಗಿರೋ ಮಂಡಿನೇ ಸಾಕಲ್ಲ" ಎಂದಳು.

ಗುರುವಾರ ಮೇಸ್ತ್ರಿ ಆಪರೇಷನ್ ಥಿಯೇಟರಿನ ಹೊರಗೆ ತೂತುತೂತಿನ ಸ್ಟೀಲ್ ಕುರ್ಚಿಯ ಮೇಲೆ ಮೂರು ಗಂಟೆ ನಲವತ್ತು ನಿಮಿಷ ಕೂತ. ಚಿಕ್ಕ ಆಪರೇಷನ್ ಮುಗಿಯಬೇಕಾಗಿದ್ದ ಹೊತ್ತು ಬಂತು, ಹೋಯಿತು. ಅಲ್ಲಿಂದಾಚೆಗಿನ ಒಂದೊಂದು ನಿಮಿಷವನ್ನೂ ಅವನು ತಾನೇ ತನ್ನ ಬಾಯಿಂದ ಅಕ್ಕನಿಗೆ ತಂದಿತ್ತ ನಿಮಿಷ ಎಂದು ಎಣಿಸಿದ. ಹೆಂಡತಿ ನೀರು ಕೊಟ್ಟರೆ ಬಾಟಲಿ ಹಿಡಿದುಕೊಂಡೇ ಕೂತಿದ್ದ, ಕುಡಿಯಲಿಲ್ಲ. ಕೊನೆಗೆ ಬಾಗಿಲು ತೆರೆಯಿತು. ಡಾಕ್ಟರ ಹಣೆಯ ಮೇಲೆ ಟೋಪಿಯ ಅಂಚಿನ ಗುರುತು ಬಿದ್ದಿತ್ತು.

"ಚೆನ್ನಾಗಿದ್ದಾರೆ ಮೇಸ್ತ್ರಿ. ಹೃದಯ ಒಂದು ಸಲವೂ ತಕರಾರು ಮಾಡ್ಲಿಲ್ಲ." ಅವರು ಬಂದು ಪಕ್ಕದ ಕುರ್ಚಿಯಲ್ಲೇ ಕೂತರು. "ಹಳೇದನ್ನ ತೆಗೆದು ನೋಡಿದ್ರೆ ಎಕ್ಸ್‌ರೇಯಲ್ಲಿ ಕಂಡಿದ್ದಕ್ಕಿಂತ ಹೆಚ್ಚು ಟೊಳ್ಳಿತ್ತು. ಬರೀ ಸ್ಟೆಮ್ ಹಾಕಿದ್ರೆ ವರ್ಷಾನೂ ನಿಲ್ತಿರಲಿಲ್ಲ. ಇವರೊಬ್ಬರೇ ಅಲ್ಲ, ಇವರ ಹಿಂದೆ ಇನ್ನೂ ಆರು ಜನಕ್ಕೆ ನಾನು ಅದನ್ನೇ ಹಾಕ್ತಿದ್ದೆ. ನೀವು ಹೇಳಿದ್ದು ದೊಡ್ಡ ಉಪಕಾರ ಆಯ್ತು."

ಉಪಕಾರದ ಮಾತು ಯಾರು ಯಾರಿಗೆ ಹೇಳಬೇಕಿತ್ತು! ಮೇಸ್ತ್ರಿ ಕೈಮುಗಿದ. ತಪ್ಪು ಮಾಡಿದವನನ್ನು ಹೀಯಾಳಿಸದ ಮೇಡಂ, ಮುಚ್ಚುಮರೆಯಿಲ್ಲದೆ ಅಕ್ಕನ ಮುಂದೆ ಎಲ್ಲವನ್ನೂ ಇಟ್ಟ ಈ ಡಾಕ್ಟರ್, ಮೂರು ಗಂಟೆ ನಲವತ್ತು ನಿಮಿಷ ಮಿಡಿದ ಆ ಹಳೆಯ ಹೃದಯ, ಯಾರಿಗೆಂದು ಹೇಳುವುದು. ಸಂಜೆ ಬಟ್ಟೆ ತರಲೆಂದು ಮನೆಗೆ ಹೋದವನು ಅಡುಗೆಮನೆಗೆ ಹೋಗಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಲೆಯ ಕಟ್ಟೆಯನ್ನು ಎರಡು ಸಲ ಸವರಿದ. ಬಾಗಿಲಲ್ಲಿ ನಿಂತು ಅದನ್ನು ನೋಡಿದ ಹೆಂಡತಿ ಇಂದಿಗೂ ಆ ವಿಷಯ ಬಿಟ್ಟಿಲ್ಲ.

ಮರುವಾರ ಅವನು ಡಬ್ಬಿಯ ಗೆರೆಯನ್ನು ಅರ ಹಿಡಿದು ಉಜ್ಜಿ ಅಳಿಸಿದ. ಈಗ ಪ್ರತಿಸಲವೂ ಅಳೆಯಬೇಕು, ಇಬ್ಬರು ಅಳೆಯಬೇಕು, ಅದೇ ನಿಯಮ. ಹೊಸಬರು ಮೇಸ್ತ್ರಿ ಗೆರೆ ಎಲ್ಲಿ ಎಂದು ಕೇಳಿದರೆ, ಹಲಗೆಯ ಮೇಲಿಟ್ಟಿರುವ ಆ ಎರಡು ಹೋಳುಗಳನ್ನು ಅವರ ಕೈಗೆ ಕೊಡುತ್ತಾನೆ. ಕೂದಲು ಕೀಳುವ ಕಷ್ಟ ತಪ್ಪಿತು.

ಅಕ್ಕ ಮೊದಲು ನಾಲ್ಕು ಕಾಲಿನ ವಾಕರ್ ಹಿಡಿದಳು, ಆಮೇಲೆ ಊರುಗೋಲು. ಐದನೇ ತಿಂಗಳಲ್ಲಿ ಊರುಗೋಲನ್ನು ಬಾಗಿಲ ಹಿಂದೆ ನಿಲ್ಲಿಸಿದಳು. ಆರನೇ ತಿಂಗಳ ಎಕ್ಸ್‌ರೇಯಲ್ಲಿ ಕಪ್ಪು ಅಂಚು ಇರಲಿಲ್ಲ, ಮೂಳೆ ಕೋನಿನ ಅಂಚಿಗೆ ಬಂದು ಕೂತಿತ್ತು. ಡಾಕ್ಟರ್ ಅದನ್ನು ಬೆರಳಿಟ್ಟು ತೋರಿಸಿದರು. ಮೇಸ್ತ್ರಿ ತಲೆಯಾಡಿಸಿದ, ಆದರೆ ಅವನಿಗೆ ಯಂತ್ರದ ಮಾತನ್ನಾಗಲಿ ಚಿತ್ರದ ಮಾತನ್ನಾಗಲಿ ಪೂರ್ತಿ ನಂಬುವ ಧೈರ್ಯ ಈಗ ಇರಲಿಲ್ಲ. ಅಕ್ಕ ಮೆಟ್ಟಿಲು ಹತ್ತುವಾಗಲೆಲ್ಲ ಹಿಂದಿನಿಂದ ಕೈ ಚಾಚಿಕೊಂಡೇ ಬರುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಮಹಡಿಯ ಮೇಲಿಂದ ಅಕ್ಕ ಕೂಗಿದಳು. ಹೋಗಿ ನೋಡಿದರೆ, ತಂತಿಯ ಮೇಲೆ ಒಣಗಿದ್ದ ದೊಡ್ಡ ಬೆಡ್‌ಶೀಟನ್ನು ಎಳೆದುಕೊಂಡು ಬಿಸಿಲಿನಲ್ಲಿ ನಿಂತಿದ್ದಳು. ಹತ್ತಿರದಲ್ಲಿ ಗೋಡೆ ಇರಲಿಲ್ಲ, ಕಂಬ ಇರಲಿಲ್ಲ.

"ಹಿಡಿ ಆ ತುದಿ. ನಿನ್ನ ಹೆಂಡ್ತಿ ಮಡಿಸಿದ್ದನ್ನ ನೋಡಿ ನೋಡಿ ನನಗೆ ಸಾಕಾಗಿದೆ."

ಮೇಸ್ತ್ರಿ ಹಿಡಿದ. ಬಟ್ಟೆಯ ಎರಡು ಮೂಲೆಗಳು ಅವಳ ಎರಡು ಕೈಯಲ್ಲಿ, ಇನ್ನೆರಡು ಇವನ ಎರಡು ಕೈಯಲ್ಲಿ. ಅವಳ ಮಂಡಿಯ ಮೇಲೇ ಕಣ್ಣಿಟ್ಟು, ಬಟ್ಟೆಗೆ ನೋವಾದೀತೋ ಎಂಬಂತೆ ತುಸುವೇ ಎಳೆದ.

"ಏನೋ ಇದು ನಾಟಕ? ನನ್ನ ಕೈಗೆ ಗೊತ್ತಾಗುತ್ತೆ. ಜೋರಾಗಿ ಎಳೆಯೋ, ನಾನೇನು ಬೀಳಲ್ಲ."

ಅವನು ಉಸಿರು ಬಿಗಿಹಿಡಿದು ಎಳೆದ. ಬೆಡ್‌ಶೀಟು ಪಟ್ಟೆಂದಿತು. ಅಕ್ಕ ನಿಂತಲ್ಲಿಂದ ಅಲ್ಲಾಡಲಿಲ್ಲ, ಮಂಡಿ ವಾಲಲಿಲ್ಲ. ಅವಳು ತಿರುಗಿ ಒಂದು ಎಳೆತ ಎಳೆದಾಗ, ಐವತ್ತೆಂಟು ವರ್ಷದ ಕೂದಲೆಳೆ ಮೇಸ್ತ್ರಿ ಕಣ್ಣು ಮಂಜಾಗಿ, ತೋಳು ಸಡಿಲಾಗಿ, ಎರಡು ಹೆಜ್ಜೆ ಮುಂದಕ್ಕೆ ಮುಗ್ಗರಿಸಿದ.

"ಅಳೋದು ಆಮೇಲೆ ಅಳು" ಎಂದಳು ಅಕ್ಕ. "ಇನ್ನೂ ಮೂರು ಬೆಡ್‌ಶೀಟ್ ಇವೆ."